ಸಹಾಯ ಬೇಕು: ಒಂದೇ ಊಟಕ್ಕೆ ಎರಡು ಆ್ಯಪ್‌, ಎರಡು ಲೆಕ್ಕ

ಮಗಳಿಗೆ ಒಂಬತ್ತು ವರ್ಷ, ಟೈಪ್ 1 ಮಧುಮೇಹ. ಇಷ್ಟು ದಿನ ಇನ್ಸುಲಿನ್ ಲೆಕ್ಕವನ್ನು ಕ್ಯಾಲೆಂಡರ್ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಹಾಕುತ್ತಿದ್ದೆ. ಈಚೆಗೆ ಮೊಬೈಲ್ ಆ್ಯಪ್ ಹಿಡಿದೆ, ತಲೆನೋವು ಶುರುವಾಯಿತು.

ಡಾಕ್ಟರು ಇವಳಿಗೆ ಬರೆದುಕೊಟ್ಟಿರುವುದು: 15 ಗ್ರಾಂ ಕಾರ್ಬೋಹೈಡ್ರೇಟ್‌ಗೆ 1 ಯೂನಿಟ್. ರಕ್ತದ ಸಕ್ಕರೆಯ ಗುರಿ 120, ಅದರ ಮೇಲಿನ ಪ್ರತಿ 60ಕ್ಕೆ ಇನ್ನೊಂದು ಯೂನಿಟ್ (ಇದೇ ತಿದ್ದುಪಡಿ). ನಿನ್ನೆ ರಾತ್ರಿ ಏಳೂವರೆಗೆ ಗ್ಲೂಕೋಮೀಟರ್‌ನಲ್ಲಿ 150 ಇತ್ತು. ಮುದ್ದೆ, ಸಾರು ಸೇರಿ 60 ಗ್ರಾಂ (ಆ್ಯಪ್‌ನ ಪಟ್ಟಿಯಲ್ಲಿ ಮುದ್ದೆಯೇ ಇಲ್ಲ, ರಾಗಿ ಹಿಟ್ಟನ್ನು ತೂಗಿ ಲೆಕ್ಕ ಹಾಕುತ್ತೇನೆ). ಊಟಕ್ಕೆ 4 ಯೂನಿಟ್, ತಿದ್ದುಪಡಿಗೆ ಅರ್ಧ. ಆದರೆ ಸಂಜೆ ಐದೂವರೆಗೆ ಉಪ್ಪಿಟ್ಟಿಗೆಂದು ಕೊಟ್ಟ 3 ಯೂನಿಟ್‌ನಲ್ಲಿ ಒಂದೂವರೆ ಇನ್ನೂ ಮೈಯಲ್ಲಿದೆ ಎಂದು ಎರಡೂ ಆ್ಯಪ್ ಹೇಳಿದವು. ಒಂದು ಅದನ್ನು ತಿದ್ದುಪಡಿಯಲ್ಲಿ ಮಾತ್ರ ಕಳೆದು, ತಿದ್ದುಪಡಿಯನ್ನು ಸೊನ್ನೆ ಮಾಡಿ 4 ಎಂದಿತು. ಇನ್ನೊಂದು ಒಟ್ಟು ಮೊತ್ತದಲ್ಲೇ ಕಳೆದು 3 ಎಂದಿತು.

ದೊಡ್ಡವರಿಗೆ ಒಂದು ಯೂನಿಟ್ ಹೆಚ್ಚಲ್ಲದಿರಬಹುದು, ಇವಳಿಗೆ ಅದು 60 ಇಳಿಸುತ್ತದೆ. ಹೆದರಿ 3 ಕೊಟ್ಟು, ರಾತ್ರಿ ಎರಡು ಸಲ ಚುಚ್ಚಿ ನೋಡಿದೆ. ಕಣ್ಣು ಬಿಡದೆಯೇ ಬೆರಳು ಚಾಚಿದಳು.

ಸೆಟ್ಟಿಂಗ್ ಅಳಿಸಿ ಮತ್ತೆ ತುಂಬಿದೆ. ಇನ್ಸುಲಿನ್ ಕೆಲಸ ಮಾಡುವ ಅವಧಿ ಎರಡರಲ್ಲೂ 4 ಗಂಟೆಯೇ ಇದೆ. ಡಾಕ್ಟರು ಸಿಗುವುದು ಸೋಮವಾರ. ಡೋಸ್ ಅವರೇ ಹೇಳಲಿ, ನನಗೆ ಅರ್ಥವಾಗಬೇಕಿರುವುದು ಇಷ್ಟೇ: ಮೈಯಲ್ಲಿ ಉಳಿದ ಇನ್ಸುಲಿನ್ ಅನ್ನು ತಿದ್ದುಪಡಿಯಲ್ಲಿ ಮಾತ್ರ ಕಳೆಯಬೇಕೋ, ಊಟದ ಡೋಸ್‌ನಲ್ಲೂ ಕಳೆಯಬೇಕೋ? ನಿಮ್ಮ ಮಕ್ಕಳ ಡಾಕ್ಟರು ಯಾವ ರೀತಿ ಇಟ್ಟುಕೊಳ್ಳಲು ಹೇಳಿದ್ದಾರೆ, ಏಕೆ?