ಕಾಡಣಬೆ ತಿನ್ನಬಹುದಾ, ಬೇಡವಾ? ಗೊತ್ತಿದ್ದವರು ಹೇಳಿ

ಕೊಪ್ಪದ ಹತ್ತಿರದ ತೋಟದ ಮನೆಯಿಂದ

ಬೆಂಗಳೂರು ಬಿಟ್ಟು ಇಲ್ಲಿಗೆ ಬಂದ ಮೇಲೆ ಇದು ನಮ್ಮ ಮೊದಲ ಮಳೆಗಾಲ. ಗುಡುಗು ಬಂದು ಎರಡು ದಿನಕ್ಕೆ ತೋಟದಲ್ಲಿ ಅಲ್ಲಲ್ಲಿ ಅಣಬೆ ಎದ್ದಿದೆ. ಕೆಲಸಕ್ಕೆ ಬರುವ ಅಕ್ಕ ಕೆಲವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾರೆ, ಕೆಲವನ್ನು ಕಾಲಿನಲ್ಲಿ ಒದ್ದು ಮುಂದೆ ಹೋಗುತ್ತಾರೆ. ಕೇಳಿದರೆ "ನೋಡಿದ್ರೆ ಗೊತ್ತಾಗಲ್ವಾ ಅಮ್ಮಾ" ಅಂತಾರೆ. ನನಗಂತೂ ಎಲ್ಲಾ ಒಂದೇ ಥರ ಕಾಣುತ್ತೆ. ನಮ್ಮ ಯಜಮಾನರು ಮೊಬೈಲ್ ಆ್ಯಪ್‌ನಲ್ಲಿ ಫೋಟೊ ಹಾಕಿ "ತಿನ್ನಬಹುದಂತೆ" ಅಂತ ಕೂತಿದ್ದಾರೆ. ಮನೆಯಲ್ಲಿ ಮಕ್ಕಳಿದ್ದಾರೆ. ವಿಷದ್ದು ಯಾವುದು ಅಂತ ಹೇಗೆ ಕಂಡುಹಿಡಿಯುತ್ತೀರಿ?

ತೀರ್ಥಹಳ್ಳಿ ಕಡೆಯಿಂದ

ಮೇಡಂ, ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ. ವಿಷದ್ದು ಯಾವುದು ಅಂತ ಕಲಿಯೋಕೆ ಹೊರಟರೆ ಮುಗಿಯುವುದಿಲ್ಲ. ತಿನ್ನುವಂಥದ್ದು ಒಂದನ್ನು ಚೆನ್ನಾಗಿ ಕಲಿಯಿರಿ, ಉಳಿದದ್ದರ ತಂಟೆಗೆ ಹೋಗಬೇಡಿ. ನಮ್ಮ ಮನೆಯಲ್ಲಿ ತಲೆಮಾರಿನಿಂದ ತಿನ್ನುವುದು ಮುಖ್ಯವಾಗಿ ಹುತ್ತದ ಅಣಬೆ. ಅದನ್ನೇ ಹೇಳುತ್ತೇನೆ.

ಈ ಅಣಬೆ ಗೆದ್ದಲಿನ ಗೂಡು ಇಲ್ಲದ ಕಡೆ ಏಳುವುದೇ ಇಲ್ಲ. ನೆಲದೊಳಗೆ ಗೆದ್ದಲುಗಳೇ ಅದನ್ನು ಬೆಳೆಸಿ ತಿನ್ನುತ್ತವೆ. ಮಳೆ ಬಿದ್ದು ನೆಲ ನೆನೆದಾಗ ಅಲ್ಲಿಂದ ಮೇಲೆ ಬಂದು ಕೊಡೆ ಬಿಚ್ಚುತ್ತೆ. ಹಾಗಾಗಿ ನೆಲದ ಮೇಲೆ ಕಾಣುವುದು ಅರ್ಧ ಅಣಬೆ ಮಾತ್ರ. ಕಿತ್ತರೆ ಕಾಲು ತುಂಡಾಗಿ, ಮುಖ್ಯವಾದ ಗುರುತು ಮಣ್ಣಿನಲ್ಲೇ ಉಳಿಯುತ್ತೆ. ಕತ್ತಿ ತುದಿಯಿಂದ ಪಕ್ಕದ ಮಣ್ಣು ಬಿಡಿಸುತ್ತಾ ಹೋಗಿ. ಕಾಲು ಬರಬರುತ್ತಾ ಸಪೂರವಾಗಿ, ಬೇರಿನಂತೆ ಕೆಳಕ್ಕೆ ಇಳಿಯುತ್ತಲೇ ಇರುತ್ತೆ. ಒಮ್ಮೊಮ್ಮೆ ಮೊಳದುದ್ದ ಹೋದರೂ ಮುಗಿಯಲ್ಲ. ಕೊಡೆಯ ನಡುವೆ ಚೂಪಾದ ಮೊನೆ ಇರುತ್ತೆ. ಅರಳಿದ ಮೇಲೆ ಅಂಚು ಸೀಳುತ್ತೆ, ಆದರೆ ಮೊನೆ ಹಾಗೇ ಉಳಿಯುತ್ತೆ.

ಬುಡದಲ್ಲಿ ಒಡೆದ ಮೊಟ್ಟೆ ಚಿಪ್ಪಿನಂಥ ಬಟ್ಟಲು ಕಂಡರೆ ಮುಟ್ಟಬೇಡಿ. ಅದು ಅಮಾನಿಟಾ ಜಾತಿಯ ಗುರುತು, ಜೀವ ತೆಗೆಯುವ ಅಣಬೆಗಳು ಹೆಚ್ಚಾಗಿ ಇರುವುದು ಆ ಗುಂಪಿನಲ್ಲಿ. ಹುತ್ತದ ಪಕ್ಕದಲ್ಲಿ ಇದೆ ಅಂದ ಮಾತ್ರಕ್ಕೆ ಹುತ್ತದ ಅಣಬೆ ಆಗಲ್ಲ. ಬೇರೆಯದೂ ಅಲ್ಲಿ ಏಳಬಹುದು. ಕೆಲವರು "ಕಾಲಿಗೆ ಬಳೆ ಇದ್ದರೆ ವಿಷ" ಅಂತಾರೆ. ಬಳೆ ಇರುವ ಹುತ್ತದ ಅಣಬೆಯೂ ಇದೆ, ಬಳೆ ಇಲ್ಲದ ವಿಷದ ಅಣಬೆಯೂ ಇದೆ. ಬುಡ ನೋಡದೆ ಏನೂ ಹೇಳಬೇಡಿ.

ಆ ಅಕ್ಕ ಒದ್ದು ಹೋಗ್ತಾರಲ್ಲ, ಅದೇ ನಿಮಗೆ ಪಾಠ. ಒಂದು ದಿನ ಅವರ ಹಿಂದೆಯೇ ಹೋಗಿ. ಬಾಯಲ್ಲಿ ಹೇಳೋಕೆ ಬರದಿದ್ದರೂ ಕೈಯಲ್ಲಿ ಹಿಡಿದು ತೋರಿಸುತ್ತಾರೆ.

ಮಂಡ್ಯದಿಂದ

ಇಷ್ಟೆಲ್ಲ ಯಾಕೆ? ನಮ್ಮಜ್ಜಿ ಬೇಯಿಸುವಾಗ ಅರಿಶಿನ ಹಾಕೋರು. ಬಣ್ಣ ತಿರುಗಿದರೆ ಚೆಲ್ಲೋದು, ಇಲ್ಲಾಂದ್ರೆ ಊಟ. ಬೆಳ್ಳುಳ್ಳಿ ಹಾಕಿದರೂ ಗೊತ್ತಾಗುತ್ತಂತೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಹುಬ್ಬಳ್ಳಿ

ಅಣ್ಣ, ಬೇಜಾರು ಮಾಡ್ಕೋಬೇಡಿ, ಇದನ್ನು ನಂಬಿ ಯಾರೂ ತಿನ್ನಬಾರದು. ಅಜ್ಜಿಯನ್ನು ಕಾಪಾಡಿದ್ದು ಅರಿಶಿನ ಅಲ್ಲ. ಯಾವ ಅಣಬೆ ಕೀಳಬೇಕು ಅಂತ ಅವರಿಗೆ ಮೊದಲೇ ಗೊತ್ತಿತ್ತು, ಅಷ್ಟೆ. ಬೆಳ್ಳಿ ಕಾಸು ಕಪ್ಪಾಗೋದು, ಅಕ್ಕಿ ಕೆಂಪಾಗೋದು, ಬಸವನಹುಳು ತಿಂದಿದ್ದರೆ ನಾವೂ ತಿನ್ನಬಹುದು ಅನ್ನೋದು, ಬಣ್ಣ ಇದ್ದರೆ ಮಾತ್ರ ವಿಷ ಅನ್ನೋದು, ಎಲ್ಲಾ ಸುಳ್ಳು. ಅಮಾನಿಟಾಗಳಲ್ಲಿ ತುಂಬಾ ವಿಷದ್ದು ಕೆಲವು ಹಾಲಿನಷ್ಟು ಬೆಳ್ಳಗಿರುತ್ತವೆ. ಅವುಗಳ ವಿಷಕ್ಕೆ ಅಮಟಾಕ್ಸಿನ್ ಅಂತಾರೆ. ಬೇಯಿಸಿದರೂ, ಒಣಗಿಸಿದರೂ, ಫ್ರೀಜರ್‌ನಲ್ಲಿಟ್ಟರೂ ಅದು ಹೋಗಲ್ಲ. ರುಚಿಯೂ ಕೆಟ್ಟದಾಗಿರಲ್ಲ, ಬದುಕಿ ಬಂದವರೇ "ಚೆನ್ನಾಗಿತ್ತು" ಅಂದಿದ್ದಾರೆ. ದೊಡ್ಡವರನ್ನು ಕೊಲ್ಲೋಕೆ ಒಂದು ಅಣಬೆ ಸಾಕಾಗಬಹುದು.

ಮೋಸ ಇರುವುದು ಹೊತ್ತಿನಲ್ಲಿ. ರಾತ್ರಿ ತಿಂದರೆ ಮಲಗುವ ತನಕ ಏನೂ ಆಗಲ್ಲ. ಸಾಮಾನ್ಯವಾಗಿ 6ರಿಂದ 12 ಗಂಟೆ, ಕೆಲವೊಮ್ಮೆ ಇನ್ನೂ ತಡವಾಗಿ ವಾಂತಿ, ಭೇದಿ, ಹೊಟ್ಟೆನೋವು ಶುರುವಾಗುತ್ತೆ. ಅಷ್ಟು ಹೊತ್ತಿಗೆ ಅಣಬೆ ತಿಂದದ್ದೇ ಮರೆತಿರುತ್ತೆ. ಆಮೇಲೆ ಒಂದು ದಿನ ಹುಷಾರಾದ ಹಾಗೆ ಕಾಣುತ್ತೆ. ಮನೆಯವರು "ಗ್ಯಾಸ್ಟ್ರಿಕ್ ಇರಬೇಕು, ಹೋಯ್ತು ಬಿಡಿ" ಅಂತಾರೆ. ಆ ಹೊತ್ತಲ್ಲೇ ಲಿವರ್ ಹಾಳಾಗುತ್ತಿರುತ್ತೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡಣಬೆ ತಿಂದು 13 ಜನ ಸತ್ತರು. ಹೆಚ್ಚಿನವರು ಚಹಾ ತೋಟದ ಕೂಲಿಯವರ ಮನೆಯವರು, ಅಣಬೆ ಆರಿಸೋದು ಅವರಿಗೆ ಹೊಸದಲ್ಲ.

ಅದಕ್ಕೇ ಕಾಡಣಬೆ ಅಡುಗೆ ಮಾಡಿದ ದಿನ ಒಂದು ಹಸಿ ಅಣಬೆಯನ್ನು ಬುಡದ ಸಮೇತ ಕಾಗದದಲ್ಲಿ ಸುತ್ತಿ ತೆಗೆದಿಡಿ. ಏನಾದರೂ ಆದರೆ ಅದನ್ನು ಆಸ್ಪತ್ರೆಗೆ ತನ್ನಿ. ಮಜ್ಜಿಗೆ, ಹುಣಸೆನೀರು ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಜೊತೆಯಲ್ಲಿ ತಿಂದ ಎಲ್ಲರನ್ನೂ ಕರೆದುಕೊಂಡು ಬನ್ನಿ, ಏನೂ ಆಗದವರನ್ನೂ.

ಮೂಡಬಿದಿರೆಯಿಂದ

ನಮ್ಮ ಕರಾವಳಿಯಲ್ಲಿ ಮೊದಲ ಮಳೆಗೆ ಕಲ್ಲಣಬೆ ಬರುತ್ತದೆ. ಕೊಡೆ ಇಲ್ಲ, ಕಾಲಿಲ್ಲ, ಗೋಲಿ ಹಾಗೆ ಮುರಕಲ್ಲಿನ ಮಣ್ಣಲ್ಲಿ ಹೂತುಕೊಂಡಿರುತ್ತದೆ. ಮಾರ್ಕೆಟಲ್ಲಿ ರೇಟು ಕೇಳಿದರೆ ಕೋಳಿಯೇ ವಾಸಿ ಅನಿಸುತ್ತದೆ ಮಾರಾಯ್ರೆ, ಆದರೂ ಬಿಡಲು ಮನಸ್ಸಾಗುವುದಿಲ್ಲ.

ಇದರಲ್ಲಿ ಪ್ರತಿಯೊಂದನ್ನೂ ಎರಡು ಹೋಳು ಮಾಡಿ ನೋಡಬೇಕು. ಒಳಗೆ ಪೂರ್ತಿ ಬೆಳ್ಳಗೆ, ಗಟ್ಟಿಯಾಗಿ, ಒಂದೇ ಸಮ ಇದ್ದರೆ ಸರಿ. ಕಪ್ಪಾಗಿದ್ದರೆ ಒಂದೋ ಬಲಿತದ್ದು, ಇಲ್ಲವೇ ಅದೇ ಆಕಾರದ ಇನ್ನೊಂದು ಜಾತಿ, ತಿಂದರೆ ವಾಂತಿ. ಹೋಳಿನಲ್ಲಿ ಕೊಡೆ ಮತ್ತು ಕಾಲಿನ ಗೆರೆ ಚಿತ್ರ ಬಿಡಿಸಿದ ಹಾಗೆ ಕಂಡರೆ ಅದು ಕಲ್ಲಣಬೆಯೇ ಅಲ್ಲ, ಬಿಚ್ಚದಿರುವ ಅಮಾನಿಟಾದ ಮೊಟ್ಟೆ ಇರಬಹುದು. ಅಂಥದ್ದು ಒಂದು ಸಿಕ್ಕಿದರೂ ಇಡೀ ರಾಶಿ ಎಸೆಯಿರಿ. ಮತ್ತೆ ಮಣ್ಣು! ಎಷ್ಟು ನೀರಲ್ಲಿ ತೊಳೆದರೂ ಸಾಲದು, ಉಜ್ಜಿ ಉಜ್ಜಿ ತೊಳೆಯಬೇಕು.

ಬೆಂಗಳೂರಿನ ಅಪಾರ್ಟ್‌ಮೆಂಟಿನಿಂದ

ಆ್ಯಪ್ ಬಗ್ಗೆ ಒಂದು ಮಾತು. ನಮ್ಮ ಲಾನ್‌ನಲ್ಲಿ ಮಳೆ ಬಂದ ಮೇಲೆ ದೊಡ್ಡ ಬಿಳಿ ಅಣಬೆ ವೃತ್ತಾಕಾರದಲ್ಲಿ ಎದ್ದಿತ್ತು. ಮೇಲೆ ಕಂದು ಚಕ್ಕೆಗಳು. ಪಕ್ಕದ ಬ್ಲಾಕಿನವರು "ನಮ್ಮ ಊರಲ್ಲಿ ತಿಂತೀವಿ" ಅಂತ ಒಯ್ದು ಪಲ್ಯ ಮಾಡಿದರು. ಎರಡು ಗಂಟೆಯೊಳಗೆ ಮನೆಮಂದಿಗೆಲ್ಲ ವಾಂತಿ ಶುರು. ಡ್ರಿಪ್ ಹಾಕಿಸಿಕೊಂಡು ಮಾರನೇ ದಿನ ಮನೆಗೆ ಬಂದರು. ಆ್ಯಪ್ ಕೂಡ ತಿನ್ನುವ ಜಾತಿ ಅಂತಲೇ ತೋರಿಸಿತ್ತು, ಯಾಕಂದ್ರೆ ಫೋಟೊ ತೆಗೆದದ್ದು ಮೇಲಿಂದ.

ಅದರ ಹೆಸರು ಕ್ಲೋರೋಫಿಲಮ್ ಮಾಲಿಬ್ಡೈಟಿಸ್. ಪಾರ್ಕು, ಲಾನುಗಳಲ್ಲಿ ಜಾಸ್ತಿ. ಎಳೆಯದರಲ್ಲಿ ಕೊಡೆಯ ಅಡಿಯ ಪದರಗಳು ಬೆಳ್ಳಗೇ ಇರುತ್ತವೆ, ಆಮೇಲೆ ಹಸಿರಿಗೆ ತಿರುಗುತ್ತವೆ. ನಾನು ಆಮೇಲೆ ಒಂದನ್ನು ತಂದು ಕಾಲು ಕತ್ತರಿಸಿ, ಕೊಡೆಯನ್ನು ಬಿಳಿ ಹಾಳೆಯ ಮೇಲೆ ಪದರ ಕೆಳಗಾಗಿ ಇಟ್ಟು, ಲೋಟ ಮುಚ್ಚಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಹಾಳೆ ಮೇಲೆ ಮಾಸಲು ಹಸಿರು ಪುಡಿಯ ಗೆರೆಗಳು. ಹುತ್ತದ ಅಣಬೆಗೆ ಈ ಪುಡಿ ತಿಳಿ ಗುಲಾಬಿ, ಅಮಾನಿಟಾಕ್ಕೆ ಬಿಳಿ. ಅರ್ಧ ಬಿಳಿ ಅರ್ಧ ಕಪ್ಪು ಹಾಳೆ ಇಟ್ಟರೆ ಬಿಳಿ ಪುಡಿಯೂ ಕಾಣುತ್ತೆ. ಗುಲಾಬಿ ಬಂತು ಅಂತ ತಿನ್ನೋಕೆ ಹೋಗಬೇಡಿ, ಗುಲಾಬಿ ಪುಡಿಯ ವಿಷದ್ದೂ ಇವೆ. ಬಣ್ಣ ಬೇರೆ ಬಂದರೆ ಎಸೆಯೋಕೆ ಮಾತ್ರ ಇದು ಉಪಯೋಗ.

ಕ್ಯಾಲಿಫೋರ್ನಿಯಾದಿಂದ

ಹೊರದೇಶದಲ್ಲಿರೋ ನಮ್ಮವರಿಗೆ: ಊರಿನ ಗುರುತು ಇಲ್ಲಿ ನಡೆಯಲ್ಲ. ಇಲ್ಲಿ ಓಕ್ ಮರದ ಬುಡದಲ್ಲಿ ಡೆತ್ ಕ್ಯಾಪ್ ಅನ್ನೋ ವಿಷದ ಅಮಾನಿಟಾ ಏಳುತ್ತೆ, ಯುರೋಪಿನಿಂದ ಬಂದದ್ದು. ಎಳೆಯದು ನಮ್ಮ ಭತ್ತದ ಹುಲ್ಲಿನ ಅಣಬೆಯಂತೆಯೇ ಕಾಣುತ್ತೆ, ಬುಡದ ಚೀಲ ಎರಡಕ್ಕೂ ಇದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಹೊಸ ವರ್ಷದ ಊಟಕ್ಕೆ ಹೀಗೇ ತಪ್ಪು ತಿಳಿದು ಬೇಯಿಸಿದ್ದನ್ನು ತಿಂದು 2012ರ ಜನವರಿಯಲ್ಲಿ ಇಬ್ಬರು ಸತ್ತರು. ನಾವು ಅಂಗಡಿಯಿಂದ ತರ್ತೀವಿ, ಅಷ್ಟೆ.

ಕೊಪ್ಪದಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಆ ಅಕ್ಕನ ಜೊತೆ ಹೋಗಿದ್ದೆ. ಹುತ್ತದ ಬದಿಯಲ್ಲಿ ಅಗೆದರೆ ಕಾಲು ನಿಜವಾಗಿಯೂ ಇಳಿಯುತ್ತಾನೇ ಹೋಯಿತು, ಬಟ್ಟಲು ಇರಲಿಲ್ಲ. ಕಾಫಿ ಗಿಡದಡಿಯ ಬಿಳಿಯದನ್ನು ಅವರು ಮುಟ್ಟಲೂ ಇಲ್ಲ. ನಮ್ಮನೆಯವರು ಅದನ್ನೇ "ಆ್ಯಪ್ ಓಕೆ ಅಂದಿದೆ" ಅಂದಿದ್ದು! ಹುತ್ತದ್ದನ್ನು ಹೇಗೆ ಮಾಡಲಿ?

ತೀರ್ಥಹಳ್ಳಿ ಕಡೆಯಿಂದ

ಆ್ಯಪ್ ತೆಗೆಸಿ ಮೊದಲು. ಅಣಬೆಯನ್ನು ಇವತ್ತೇ ಮಾಡಿ, ನಾಳೆಗೆ ಒಳಗೆ ಹುಳ ಆಗಿರುತ್ತೆ. ಕಾಲಿನ ಮಣ್ಣು ಹೆರೆದು, ಕೈಯಲ್ಲೇ ಸೀಳಿ, ಈರುಳ್ಳಿ, ಕಾಳುಮೆಣಸು ಹಾಕಿ ಚೆನ್ನಾಗಿ ಬೇಯಿಸಿ. ನೀರು ಹಾಕೋದು ಬೇಡ, ಅದೇ ಬಿಡುತ್ತೆ. ಮೊದಲ ಸಲ ದೊಡ್ಡವರು ಎರಡೆರಡು ತುತ್ತು ತಿನ್ನಿ, ಕೆಲವರಿಗೆ ಒಳ್ಳೆ ಅಣಬೆಯೂ ಹೊಟ್ಟೆಗೆ ಆಗಲ್ಲ. ಮಕ್ಕಳಿಗೆ ಈ ವರ್ಷ ಬೇಡ. ಹುಬ್ಬಳ್ಳಿಯವರು ಹೇಳಿದ ಹಾಗೆ ಒಂದು ಹಸಿಯದ್ದು ತೆಗೆದಿಡಿ. ಅಗೆದ ಗುಂಡಿಗೆ ಮಣ್ಣು ಮುಚ್ಚಿ ಬನ್ನಿ, ಗೂಡು ಹಾಳಾದರೆ ಮುಂದಿನ ವರ್ಷ ಅಲ್ಲಿ ಏಳಲ್ಲ.