ಐ ಎಲ್ಲಿ, ಮಿ ಎಲ್ಲಿ?

ಪ್ರಶ್ನೆ (ದಾವಣಗೆರೆ): ಪಿಯುಸಿ ಮಕ್ಕಳು ‘ಹಿ ಕಾಲ್ಡ್ ರವಿ ಅಂಡ್ ಐ’ ಅಂತಲೇ ಬರೀತಾರೆ. ಹೇಗೆ ತಿದ್ದೋದು ಸರ್?

ಉತ್ತರ 1: ರವಿಯನ್ನ ತೆಗೆದು ಓದಿಸಿ. ‘ಹಿ ಕಾಲ್ಡ್ ಐ’ ಅಂತ ಯಾರೂ ಬರೆಯಲ್ಲ. ಹಾಗಾಗಿ ‘ರವಿ ಅಂಡ್ ಮಿ’. ಫಾರ್, ವಿತ್, ಬಿಟ್ವೀನ್ ಆದಮೇಲೂ ಮಿ, ಹಿಮ್, ಹರ್, ಅಸ್, ದೆಮ್. ನಮ್ಮ ‘ನನ್ನನ್ನು’, ‘ನನಗೆ’ ಎರಡಕ್ಕೂ ಸಾಮಾನ್ಯವಾಗಿ ಒಂದೇ ಮಿ.

ಉತ್ತರ 2: ಆದರೆ ಹುಷಾರು, ‘ನನಗೆ ಹಸಿವಾಗಿದೆ’ ಅನ್ನೋಕೆ ಐ ಬೇಕು. ಇನ್ನೂ ದೊಡ್ಡ ತಪ್ಪು ಕರ್ಮಪದ ನುಂಗೋದು. ‘ಬೆಣ್ಣೆದೋಸೆ ತಂದೆ, ತಿಂದೆ’ ಕನ್ನಡದಲ್ಲಿ ಸಲೀಸು. ಇಂಗ್ಲಿಷಲ್ಲಿ ‘ಐ ಬ್ರಾಟ್ ಎ ದೋಸೆ ಅಂಡ್ ಏಟ್ ಇಟ್’. ಇಟ್ ಬಿಟ್ಟರೆ ವಾಕ್ಯ ಕುಂಟುತ್ತೆ.

ಪ್ರಶ್ನೆ ಕೇಳಿದವರು: ‘ಎಕ್ಸ್‌ಪ್ಲೇನ್ ಮಿ’ ಸರೀನಾ?

ಉತ್ತರ 1: ಇಲ್ಲ, ‘ಎಕ್ಸ್‌ಪ್ಲೇನ್ ಇಟ್ ಟು ಮಿ’. ಆದರೆ ‘ಟೆಲ್ ಮಿ’ಗೆ ಟು ಬೇಡ.