ಸಹಾಯ ಬೇಕು: ಬೋರ್‌ವೆಲ್ ನೀರಲ್ಲಿ ಫ್ಲೋರೈಡ್, ಮನೇಲಿ ಚಿಕ್ಕ ಮಗು

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು, ಬಾವಿ ನೀರು ಸೇದಿ ಕುಡಿದು ಬೆಳೆದವಳು. ಈಗ ಶಿಕಾರಿಪುರದ ಹತ್ತಿರ ಇದ್ದೇವೆ, ಕುಡಿಯೋಕೆ ಬೋರ್‌ವೆಲ್ ನೀರೇ. ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಉಜ್ಜಿದರೂ ಹೋಗಲ್ಲ. (ಅದು ಗಡಸು ನೀರಿನ ಸುಣ್ಣ, ಫ್ಲೋರೈಡಿಗೆ ಬಣ್ಣ ರುಚಿ ಏನೂ ಇಲ್ಲ ಅಂತ ಆಮೇಲೆ ಗೊತ್ತಾಯಿತು.) ಸುಮ್ನೆ ಅನುಮಾನಕ್ಕೆ ಪರೀಕ್ಷೆ ಮಾಡಿಸಿದರೆ ಫ್ಲೋರೈಡ್ ಲೀಟರಿಗೆ 1.9 ಮಿಲಿಗ್ರಾಂ! ನಮ್ಮ ದೇಶದ ಲೆಕ್ಕದಲ್ಲಿ 1ರ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ.

ಫ್ಲೋರೈಡ್ ಜಾಸ್ತಿಯಾದರೆ ಹಲ್ಲಿಗೆ ಕಲೆ ಬರುತ್ತೆ ಅನ್ನೋದು ಮೊದಲೇ ಗೊತ್ತಿತ್ತು. ಆದರೆ ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇರುವ ನೀರಿನ ಸೇವನೆಗೂ ಮಕ್ಕಳ ಐಕ್ಯೂ ಕಡಿಮೆ ಇರುವುದಕ್ಕೂ ನಂಟು ಕಾಣುತ್ತದೆ ಅಂತ 2024ರಲ್ಲಿ ಅಮೆರಿಕ ಸರ್ಕಾರದ ಒಂದು ವರದಿ ಹೇಳಿದೆ. ನಂಟು ಅಷ್ಟೇ, ಅದರಿಂದಲೇ ಅಂತಲ್ಲ. ಆದರೂ ಮಗಳಿಗೆ ಎರಡೂವರೆ ವರ್ಷ, ನಾನೀಗ ಐದು ತಿಂಗಳ ಬಸುರಿ. ಹೆದರಿಕೆ ಆಗುತ್ತೆ ಅಲ್ವಾ?

ಅತ್ತೆ ಚೆನ್ನಾಗಿ ಕುದಿಸಿ ಕೊಡು ಅಂತಾರೆ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತೆ, ಫ್ಲೋರೈಡ್ ಅಲ್ಲೇ ಉಳಿಯುತ್ತೆ. ಅವರಿಗೆ ಹೇಗೆ ಹೇಳೋದು!

ಆರ್‌ಒ ಫಿಲ್ಟರ್ ಹಾಕಿಸಿದವರು ಆಮೇಲೆ ಮತ್ತೆ ಪರೀಕ್ಷೆ ಮಾಡಿಸಿದ್ರಾ? ಎಷ್ಟಕ್ಕೆ ಇಳಿಯಿತು? ಅನ್ನ, ಸಾರಿಗೂ ಅದೇ ನೀರು ಹಾಕ್ತೀರಾ? ಮಳೆನೀರು ತೊಟ್ಟಿಯಲ್ಲಿ ಹಿಡಿದು ವರ್ಷಪೂರ್ತಿ ಕುಡಿಯುವವರು ಇದ್ದರೆ ದಯವಿಟ್ಟು ತಿಳಿಸಿ.